ಆಟಿಕೆ ಸೈನಿಕರ ಮೇಷ್ಟರು: ಎಚ್.ಜಿ. ವೆಲ್ಸ್

ಎಚ್.ಜಿ. ವೆಲ್ಸ್ ಎಂದರೆ ನಮಗೆ ನೆನಪಾಗುವುದು ಕಾಲಯಂತ್ರದ ಕತೆ, ಮಂಗಳ ಗ್ರಹದವರ ದಾಳಿಯ ಕತೆ. ಅವರು ಬಿ.ಎಸ್ಸಿ. ಪದವಿ ಪಡೆದ ವಿಜ್ಞಾನ ಶಿಕ್ಷಕರಾಗಿದ್ದರು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಸೀಸದ ಪುಟ್ಟ ಸೈನಿಕರನ್ನು ನೆಲದ ಮೇಲೆ ನಿಲ್ಲಿಸಿ ಆಡುವ ಯುದ್ಧದಾಟಕ್ಕೆ ನಿಯಮಪುಸ್ತಕ ಬರೆದವರೂ ಅವರೇ. ಇಂದು ಬೆರಳುದ್ದದ ಬೊಂಬೆಗಳಿಗೆ ಬಣ್ಣ ಹಚ್ಚಿ, ಫ್ರೆಂಚರಿಗೆ ನೀಲಿ ಕೋಟು, ಇಂಗ್ಲಿಷರಿಗೆ ಕೆಂಪು ಕೋಟು ತೊಡಿಸಿ, ನೆಪೋಲಿಯನ್ನನ ಕಾಳಗಗಳನ್ನು ಮೇಜಿನ ಮೇಲೆ ಮತ್ತೆ ಆಡುವ ಹವ್ಯಾಸಿಗಳು ವೆಲ್ಸ್ ಅವರನ್ನು ತಮ್ಮ ಆಟದ ಮೂಲಪುರುಷರೆಂದು ಗೌರವಿಸುತ್ತಾರೆ. ಈ ಆಟದಿಂದ ಜನ ಒಂದು ಪಾಠ ಕಲಿಯಲಿ ಎಂದು ವೆಲ್ಸ್ ಬಯಸಿದ್ದರು. ಅದು ಕಲಿತದ್ದಾಯಿತೇ? ಪಾಠಯೋಜನೆಯಲ್ಲಿ ದಿನವೂ ಚಟುವಟಿಕೆಗಳನ್ನು ಬರೆಯುವ ನಮಗೆ ಈ ಪ್ರಶ್ನೆ ಮುಖ್ಯವೆಂದು ನನಗನ್ನಿಸಿದ್ದರಿಂದ ಅವರ ಬದುಕನ್ನು ಇಲ್ಲಿ ಸಂಗ್ರಹವಾಗಿ ಹೇಳುತ್ತಿದ್ದೇನೆ.

ವೆಲ್ಸ್ 1866ರ ಸೆಪ್ಟೆಂಬರ್ 21ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಬ್ರಾಮ್ಲಿಯಲ್ಲಿ ಜನಿಸಿದರು. ತಂದೆ ಜೋಸೆಫ್ ಪಿಂಗಾಣಿ ಪಾತ್ರೆ ಮತ್ತು ಕ್ರಿಕೆಟ್ ಸಾಮಾನಿನ ಅಂಗಡಿ ಇಟ್ಟಿದ್ದರು. ತಾಯಿ ಸಾರಾ ಸಿರಿವಂತರ ಮನೆಯಲ್ಲಿ ಕೆಲಸಕ್ಕಿದ್ದವರು. ಏಳೆಂಟು ವರ್ಷದವರಿದ್ದಾಗ ಕಾಲು ಮುರಿದು ಹಾಸಿಗೆ ಹಿಡಿದ ವೆಲ್ಸ್, ಆ ದಿನಗಳಲ್ಲಿ ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿದರು. ಓದಿನ ರುಚಿ ಹತ್ತಿದ್ದು ಆಗಲೇ. ಆದರೆ ಮನೆಯ ಬಡತನದಿಂದಾಗಿ 1881ರಲ್ಲಿ ಸೌತ್‌ಸೀ ಎಂಬ ಊರಿನ ಬಟ್ಟೆ ಅಂಗಡಿಗೆ ಕೆಲಸ ಕಲಿಯಲು ಸೇರಬೇಕಾಯಿತು. ಎರಡು ವರ್ಷ ಸಹಿಸಿ, ಕೊನೆಗೆ ಹಟ ಹಿಡಿದು ಅದನ್ನು ಬಿಟ್ಟರು. 1883ರಲ್ಲಿ ಮಿಡ್‌ಹರ್ಸ್ಟ್ ಶಾಲೆಯ ಮುಖ್ಯೋಪಾಧ್ಯಾಯ ಹೊರೇಸ್ ಬಯಾಟ್ ಅವರನ್ನು ವಿದ್ಯಾರ್ಥಿ-ಶಿಕ್ಷಕರನ್ನಾಗಿ ತೆಗೆದುಕೊಂಡರು. ಚಿಕ್ಕವರಿಗೆ ಪಾಠ ಹೇಳುತ್ತಲೇ ತಾವೂ ಓದಿ ವಿಜ್ಞಾನ ಪರೀಕ್ಷೆಗಳಲ್ಲಿ ತೇರ್ಗಡೆಯಾದ ವೆಲ್ಸ್, ವಿದ್ಯಾರ್ಥಿವೇತನ ಪಡೆದು 1884ರಲ್ಲಿ ಲಂಡನ್ನಿನ ನಾರ್ಮಲ್ ಸ್ಕೂಲ್ ಆಫ್ ಸೈನ್ಸ್ ಸೇರಿದರು. ವಿಜ್ಞಾನ ಶಿಕ್ಷಕರನ್ನು ತಯಾರು ಮಾಡುವುದು ಆ ಸಂಸ್ಥೆಯ ಒಂದು ಉದ್ದೇಶವಾಗಿತ್ತು. ಅಲ್ಲಿ ಜೀವಶಾಸ್ತ್ರ ಕಲಿಸಿದವರು ಥಾಮಸ್ ಹೆನ್ರಿ ಹಕ್ಸ್ಲಿ. ಆ ಒಂದು ವರ್ಷದ ಪ್ರಭಾವ ವೆಲ್ಸ್ ಮೇಲೆ ಕೊನೆಯವರೆಗೂ ಉಳಿಯಿತು. ಬೇರೆ ವಿಷಯಗಳಲ್ಲಿ ಆಸಕ್ತಿ ಇಳಿದು, ಅಂತಿಮ ವರ್ಷದ ಭೂವಿಜ್ಞಾನ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ 1887ರಲ್ಲಿ ಪದವಿಯಿಲ್ಲದೆ ಹೊರಬಂದರು.

ನಂತರ ವೇಲ್ಸ್‌ನ ಹೋಲ್ಟ್ ಅಕಾಡೆಮಿಯಲ್ಲಿ ಶಿಕ್ಷಕರಾದರು. ಅಲ್ಲಿ ಫುಟ್‌ಬಾಲ್ ಆಡುವಾಗ ಬಿದ್ದ ಪೆಟ್ಟಿನಿಂದ ಆರೋಗ್ಯ ಕೆಟ್ಟಿತು. ಚೇತರಿಸಿಕೊಂಡು ಲಂಡನ್ನಿನ ಹೆನ್ಲಿ ಹೌಸ್ ಶಾಲೆ ಸೇರಿದರು. ಮುಂದೆ ವಿನ್ನಿ ಎಂಬ ಕರಡಿಯ ಕತೆ ಬರೆದ ಎ.ಎ. ಮಿಲ್ನ್ ಅಲ್ಲಿ ಅವರ ವಿದ್ಯಾರ್ಥಿ. 1890ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಬಾಹ್ಯ ವಿದ್ಯಾರ್ಥಿಯಾಗಿ ಬಿ.ಎಸ್ಸಿ. ಪಡೆದರು. 1893ರಲ್ಲಿ ಅವರ ಜೀವಶಾಸ್ತ್ರದ ಪಠ್ಯಪುಸ್ತಕ ಹೊರಬಂತು. ಅದೇ ವರ್ಷ ಶ್ವಾಸಕೋಶದಿಂದ ರಕ್ತಸ್ರಾವವಾಗಿ ತರಗತಿಯ ಬೋಧನೆಯನ್ನು ಬಿಡಬೇಕಾಯಿತು. ಬರವಣಿಗೆಯೇ ಜೀವನೋಪಾಯವಾಯಿತು. 1895ರಲ್ಲಿ ಬಂದ ಕಾಲಯಂತ್ರದ ಕಾದಂಬರಿ ಅವರನ್ನು ಪ್ರಸಿದ್ಧರನ್ನಾಗಿಸಿತು.

ತರಗತಿ ಬಿಟ್ಟರೂ ಅವರೊಳಗಿನ ಮೇಷ್ಟರು ಸುಮ್ಮನಿರಲಿಲ್ಲ. ಸ್ಯಾಂಡ್‌ಗೇಟ್‌ನ ಮನೆಯಲ್ಲಿ ಒಂದು ದಿನ ಊಟವಾದ ಮೇಲೆ ಗೆಳೆಯ, ಲೇಖಕ ಜೆರೋಮ್ ಕೆ. ಜೆರೋಮ್ ಸ್ಪ್ರಿಂಗಿನ ಆಟಿಕೆ ತೋಪಿನಿಂದ ನೆಲದ ಮೇಲಿದ್ದ ಸೈನಿಕರನ್ನು ಉರುಳಿಸತೊಡಗಿದರು. ಆ ತೋಪು ಹಾರಿಸುತ್ತಿದ್ದುದು ಒಂದಿಂಚಿನಷ್ಟು ಉದ್ದದ ಮರದ ತುಂಡನ್ನು. ತಮಾಷೆ ಅಲ್ಲಿಗೇ ಮುಗಿಯಬಹುದಿತ್ತು. ವೆಲ್ಸ್ ಮಾತ್ರ ಅದಕ್ಕೆ ನಿಯಮಗಳನ್ನು ಕಟ್ಟತೊಡಗಿದರು. ವಿಶ್ವಕೋಶದ ಸಂಪುಟಗಳು ಗುಡ್ಡಗಳಾದವು, ಮರದ ದಿಮ್ಮಿಗಳು ಮನೆಗಳಾದವು. ಸೈನಿಕರು ಬ್ರಿಟನ್ಸ್ ಕಂಪನಿಯವು. ಒಳಗೆ ಟೊಳ್ಳಾಗಿ ಎರಕ ಹೊಯ್ದು ಕೈಯಲ್ಲಿ ಬಣ್ಣ ಹಚ್ಚಿದ ಬೊಂಬೆಗಳು.

ಆ ನಿಯಮಗಳು ರೂಪುಗೊಂಡ ಬಗೆ ವಿಜ್ಞಾನ ಬೋಧಿಸುವವರು ಗಮನಿಸುವಂಥದ್ದು. ಆಡುವುದು, ದೋಷ ಕಾಣುವುದು, ನಿಯಮ ಬದಲಿಸುವುದು, ಮತ್ತೆ ಆಡುವುದು. ಕೈಕೈ ಕಾಳಗವನ್ನು ಮೊದಲು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಅದೃಷ್ಟವಿದ್ದರೆ ಒಬ್ಬನೇ ಹಲವರನ್ನು ಕೊಲ್ಲುವಂತಾಯಿತು. ನಾಣ್ಯವನ್ನು ಕೈಬಿಟ್ಟು, ಎರಡೂ ಕಡೆ ಸಮಸಂಖ್ಯೆಯಲ್ಲಿ ಸಾವು ಎಂದು ಮಾಡಿದರು. ಬೆಂಬಲವಿರುವ 7 ಮಂದಿಯ ಮೇಲೆ 10 ಮಂದಿ ಬಿದ್ದರೆ ಎರಡೂ ಕಡೆ 7 ಮಂದಿ ಸತ್ತು 3 ಮಂದಿ ಉಳಿಯುತ್ತಾರೆ. ಕಾಲಾಳಿಗೆ ಒಂದು ಸಲಕ್ಕೆ 1 ಅಡಿ, ಕುದುರೆ ಸವಾರನಿಗೆ 2 ಅಡಿ ನಡೆ. ಯೋಚಿಸುತ್ತ ಕೂರುವವರಿಗಾಗಿ ಕಾಲಮಿತಿಯೂ ಬಂತು.

ಮಕ್ಕಳ ನೆಲದಾಟಗಳ ಬಗ್ಗೆ 1911ರಲ್ಲಿ ಒಂದು ಪುಸ್ತಕ ಬರೆದಿದ್ದರು. ಅಂಗಡಿಗಳಲ್ಲಿ ಸೈನಿಕರ ಬೊಂಬೆಗಳೇ ತುಂಬಿವೆ, ಸಾಮಾನ್ಯ ನಾಗರಿಕರ ಬೊಂಬೆ ಸಿಗುವುದಿಲ್ಲ ಎಂಬ ದೂರು ಅದರಲ್ಲಿದೆ. ಯುದ್ಧದಾಟದ ಪುಸ್ತಕ ‘ಲಿಟಲ್ ವಾರ್ಸ್’ ಬಂದದ್ದು 1913ರಲ್ಲಿ. ಅದರ ಉಪಶೀರ್ಷಿಕೆ ಆಟವನ್ನು ಹುಡುಗರಿಗೆ ಮೀಸಲಿಟ್ಟು, ಹುಡುಗರ ಆಟ ಇಷ್ಟಪಡುವ ಜಾಣೆಯರಿಗೆ ಮಾತ್ರ ಸ್ಥಳ ಕೊಡುತ್ತದೆ. ಇಂದಿನ ತರಗತಿ ಇದನ್ನು ಒಪ್ಪಲಾರದು. ಪುಸ್ತಕದ ಕೊನೆಯಲ್ಲಿ ಅವರ ನಿಜವಾದ ಉದ್ದೇಶ ಕಾಣುತ್ತದೆ. ಮೂರು ನಾಲ್ಕು ಸಲ ಈ ಆಟ ಆಡಿದರೆ ಸಾಕು, ಯುದ್ಧ ನಡೆಸುವುದರಲ್ಲಿ ಎಷ್ಟು ಎಡವಟ್ಟುಗಳಾಗುತ್ತವೆ ಎಂಬುದು ತಿಳಿಯುತ್ತದೆ. ಯುದ್ಧ ಬೇಕಾದವರು ಈ ಬೊಂಬೆಗಳಲ್ಲೇ ತೃಪ್ತಿಪಡಲಿ ಎಂಬುದು ಅವರ ವಾದ.

ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಇದು ಯುದ್ಧವನ್ನೇ ಕೊನೆಗಾಣಿಸುವ ಯುದ್ಧವೆಂದು ನಂಬಿ ಸ್ವತಃ ವೆಲ್ಸ್ ಅದರ ಪರವಾಗಿ ಬರೆದರು. ಮುಂದಿನ ವರ್ಷಗಳಲ್ಲಿ ವಿಶ್ವಶಾಂತಿಗಾಗಿ, ಒಂದೇ ಲೋಕಸರ್ಕಾರಕ್ಕಾಗಿ ದುಡಿದರು. 1914ರ ತಮ್ಮ ಕಾದಂಬರಿಯಲ್ಲಿ ಕಲ್ಪಿಸಿದ್ದ ಅಣುಬಾಂಬು ಹಿರೋಶಿಮಾದ ಮೇಲೆ ಬಿದ್ದುದನ್ನೂ ಕೇಳಿ, 1946ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಆಟ ಉಳಿಯಿತು, ಬೆಳೆಯಿತು. ಕೊನೆಯ ಪುಟಗಳ ಪಾಠ ಅಷ್ಟು ದೂರ ಹೋಗಲಿಲ್ಲ. ಇದಕ್ಕೆ ವೆಲ್ಸ್ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆಟ ಮುಗಿದ ಮೇಲೆ ಸತ್ತ ಸೈನಿಕರೆಲ್ಲ ಡಬ್ಬಿಗೆ ಹೋಗಿ ಮರುದಿನ ಎದ್ದು ನಿಲ್ಲುತ್ತಾರೆ. ನಿಜದಲ್ಲಿ ಹಾಗಾಗುವುದಿಲ್ಲ ಎಂಬುದನ್ನು ಬೊಂಬೆ ತಾನಾಗಿ ಹೇಳಲಾರದು. ಆ 7 ಮಂದಿ ಯಾರು, ಅವರ ಮನೆಯಲ್ಲಿ ಯಾರಿದ್ದರು ಎಂದು ಕೇಳುವವರೊಬ್ಬರು ಆಟದ ಪಕ್ಕದಲ್ಲಿ ಇರಬೇಕು. ಚಟುವಟಿಕೆ ಮುಗಿದ ಮೇಲಿನ ಐದು ನಿಮಿಷವನ್ನು ಗಂಟೆ ಬಾರಿಸಿತೆಂದು ಬಿಟ್ಟುಬಿಡಬಾರದು ಎಂಬುದಕ್ಕೆ ವೆಲ್ಸ್ ಅವರ ಬದುಕಿಗಿಂತ ದೊಡ್ಡ ಕಾರಣ ನನಗೆ ಸಿಕ್ಕಿಲ್ಲ.