ಎರಡಾಣೆಗಾಗಿ ಮನೆಬಾಗಿಲಿಗೆ ಹೋದ ಬ್ಯಾಂಕು: ಡಾ. ಟಿ.ಎಂ.ಎ. ಪೈ ಕಂಡುಕೊಂಡ ಮೊದಲ ಗ್ರಾಹಕರು

ದೋರನಹಳ್ಳಿ (ಶಹಾಪುರ): ಸಂಜೆ ದೀಪ ಹಚ್ಚುವ ಹೊತ್ತು. ಹೆಗಲಿಗೆ ಚೀಲ ಹಾಕಿಕೊಂಡು, ಕೈಯಲ್ಲಿ ಪುಟ್ಟ ಯಂತ್ರ ಹಿಡಿದು ಅಂಗಡಿಯಿಂದ ಅಂಗಡಿಗೆ ನಡೆಯುವ ವ್ಯಕ್ತಿಯನ್ನು ದೋರನಹಳ್ಳಿಯಂತಹ ಊರುಗಳಲ್ಲಿ ಪರಿಚಯಿಸಬೇಕಾಗಿಲ್ಲ. ಕಿರಾಣಿ ಅಂಗಡಿಯವರು, ಚಹಾದಂಗಡಿಯವರು, ತರಕಾರಿ ಮಾರುವ ಅವ್ವಂದಿರು ಗಲ್ಲೆಯಿಂದಲೋ ಸೆರಗಿನ ಗಂಟಿನಿಂದಲೋ ಐವತ್ತು, ನೂರು ತೆಗೆದು ಕೊಡುತ್ತಾರೆ. ಚೀಟಿ ಹರಿದು ಕೈಗೆ ಬರುತ್ತದೆ. ಅದು ಪಿಗ್ಮಿ. ಮೂಲದಲ್ಲಿ ಇಂಗ್ಲಿಷಿನದಾದರೂ ಇಂದು ಕನ್ನಡದ್ದೇ ಎನ್ನುವಷ್ಟು ಬಳಕೆಗೆ ಬಂದಿರುವ ಪದ.

ಈ ಪದದ ಹಿಂದೆ ಒಬ್ಬ ವೈದ್ಯರಿದ್ದಾರೆ ಎಂಬುದು ಮಾತ್ರ ಹಣ ಕಟ್ಟುವ ಬಹುಪಾಲು ಮಂದಿಗೆ ತಿಳಿಯದು. ಕೈಯಲ್ಲಿ ಸಾಕಷ್ಟು ಬಂಡವಾಳವಿಲ್ಲದೆ, ಪೈಪೋಟಿಯ ನಡುವೆ ಬ್ಯಾಂಕು ತೆರೆದು, ಗ್ರಾಹಕರು ತಾವಾಗಿ ಬರಲಾರರೆಂದು ಅರಿತಾಗ ತಾವೇ ಅವರ ಬಳಿಗೆ ಹೊರಟ ತೋನ್ಸೆ ಮಾಧವ ಅನಂತ ಪೈ ಅವರ ಬದುಕು, ಹೊಸ ವ್ಯವಹಾರ ಆರಂಭಿಸಿ ಗಿರಾಕಿಗಳ ದಾರಿ ಕಾಯುತ್ತಿರುವ ಎಲ್ಲರೂ ಒಮ್ಮೆ ತಿರುವಿ ನೋಡಬೇಕಾದ ಅಧ್ಯಾಯ.

ಊರಿಗೆ ಮರಳಿದ ವೈದ್ಯ

ಮಾಧವ ಪೈ ಅವರು ಜನಿಸಿದ್ದು 1898ರ ಏಪ್ರಿಲ್ 30ರಂದು, ಉಡುಪಿ ಸಮೀಪದ ಕಲ್ಯಾಣಪುರದಲ್ಲಿ. ಆಗ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ ಜಿಲ್ಲೆ. ಇತ್ತ ಶಹಾಪುರ, ಸುರಪುರ, ಯಾದಗಿರಿಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆಡಳಿತ ಬೇರೆ, ನಾಣ್ಯ ಬೇರೆ. ಆದರೆ ಸುಗ್ಗಿಯಲ್ಲಿ ಕೈತುಂಬ, ಉಳಿದ ಕಾಲದಲ್ಲಿ ಸಾಹುಕಾರರ ಮನೆಬಾಗಿಲು ಎಂಬ ಬಡವರ ಪಾಡು ಎರಡೂ ಕಡೆ ಒಂದೇ ಆಗಿತ್ತು.

ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದ ಪೈ ಅವರಿಗೆ ಹೊರದೇಶಕ್ಕೆ ಹೋಗಿ ವೃತ್ತಿ ನಡೆಸುವ ಆಸೆಯಿತ್ತು. ಮಗ ಊರವರ ಸೇವೆಗೆ ಒದಗಲಿ ಎಂಬುದು ತಾಯಿಯ ಬಯಕೆ. ತಾಯಿಯ ಮಾತೇ ಗೆದ್ದಿತು. ಉಡುಪಿ ಪರಿಸರದಲ್ಲಿ ಚಿಕಿತ್ಸೆಗೆ ಕುಳಿತ ಯುವ ವೈದ್ಯರ ಎದುರು ಬಂದು ನಿಂತವರು ಬಡ ರೋಗಿಗಳು. ಔಷಧದಿಂದ ಜ್ವರ ಇಳಿಯುತ್ತಿತ್ತು. ಜ್ವರಕ್ಕೆ ಕಾರಣವಾದ ಬಡತನ ಇಳಿಯುತ್ತಿರಲಿಲ್ಲ.

ಎಂಟು ಸಾವಿರದ ಬ್ಯಾಂಕು

ಅದು ಕರಾವಳಿಯ ಕೈಮಗ್ಗಗಳು ಸಂಕಟಕ್ಕೆ ಸಿಲುಕಿದ್ದ ಕಾಲ. ನೇಕಾರರಿಗೆ ನೂಲು ಕೊಳ್ಳಲು ದುಡ್ಡಿಲ್ಲ, ನೇಯ್ದ ಬಟ್ಟೆಗೆ ಬೆಲೆಯಿಲ್ಲ. ಅವರಿಗೆ ಸಣ್ಣ ಸಾಲದ ಆಸರೆ ಬೇಕಿತ್ತು. ಈ ಉದ್ದೇಶದಿಂದ ಮೂವರು ಕೈಜೋಡಿಸಿದರು. ಒಬ್ಬರು ಮಾಧವ ಪೈ ಅವರ ಅಣ್ಣ, ಉದ್ಯಮಿ ಉಪೇಂದ್ರ ಅನಂತ ಪೈ. ಇನ್ನೊಬ್ಬರು ಎಂಜಿನಿಯರ್ ವಾಮನ ಕುಡ್ವ. ಮೂರನೆಯವರು ವೈದ್ಯ ಮಾಧವ ಪೈ. 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಹುಟ್ಟಿತು. ಬಂಡವಾಳ ಕೇವಲ ಎಂಟು ಸಾವಿರ ರೂಪಾಯಿ!

ಹೆಸರು ದೊಡ್ಡದಿತ್ತು, ಪೆಟ್ಟಿಗೆ ಚಿಕ್ಕದಿತ್ತು. ಅದಕ್ಕಿಂತ ಕಠಿಣವಾಗಿದ್ದುದು ಪೈಪೋಟಿ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಸ್ಥಾಪಿಸಿದ ಕೆನರಾ ಬ್ಯಾಂಕಿನ ಮೂಲ ಸಂಸ್ಥೆ 1906ರಿಂದಲೇ ನಡೆಯುತ್ತಿತ್ತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮತ್ತೊಂದು ಬ್ಯಾಂಕನ್ನು ತೆರೆದಿದ್ದರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದದ್ದು ಅದೇ. ಕರ್ಣಾಟಕ ಬ್ಯಾಂಕ್ 1924ರಲ್ಲಷ್ಟೇ ಆರಂಭವಾಗಿತ್ತು. ಅಡಿಕೆ, ತೆಂಗು, ಹಂಚು ವ್ಯಾಪಾರದಲ್ಲಿ ಹಣ ಕಂಡವರಿಗೆ, ಜಮೀನುದಾರರಿಗೆ, ವಕೀಲರಿಗೆ ಬ್ಯಾಂಕುಗಳ ಕೊರತೆಯಿರಲಿಲ್ಲ. ಎಂಟು ಸಾವಿರದ ಹೊಸ ಬ್ಯಾಂಕಿಗೆ ಅವರು ಏಕೆ ಬಂದಾರು?

ಇನ್ನು ಯಾರಿಗಾಗಿ ಬ್ಯಾಂಕು ತೆರೆಯಲಾಯಿತೋ ಆ ನೇಕಾರರ, ಮೀನುಗಾರರ, ಕೂಲಿಕಾರರ ಬಳಿ ಠೇವಣಿ ಇಡುವಷ್ಟು ಹಣ ಒಮ್ಮೆಗೇ ಸೇರುತ್ತಿರಲಿಲ್ಲ. ಸೇರಿದರೂ ಮೇಜು, ಕುರ್ಚಿ, ಗುಮಾಸ್ತರಿರುವ ಕಚೇರಿಯ ಮೆಟ್ಟಿಲೇರಲು ಸಂಕೋಚ. ಅಕ್ಷರ ಬಾರದವರಿಗೆ ಅರ್ಜಿ ತುಂಬುವ ಭಯ. ಹಗಲು ದುಡಿಮೆ ಬಿಟ್ಟು ಬ್ಯಾಂಕಿಗೆ ಹೋದರೆ ಅಂದಿನ ಕೂಲಿಯೇ ನಷ್ಟ. ಹೀಗೆ ಉಳ್ಳವರಿಗೆ ಈ ಬ್ಯಾಂಕು ಬೇಕಿರಲಿಲ್ಲ, ಬೇಕಿದ್ದವರಿಗೆ ಅಲ್ಲಿಗೆ ಬರುವ ದಾರಿ ತಿಳಿದಿರಲಿಲ್ಲ. ಬ್ಯಾಂಕಿನ ಮೊದಲ ಶಾಖೆ ಬ್ರಹ್ಮಾವರದಲ್ಲಿ ತೆರೆಯಲು 1928ನೇ ಇಸವಿ ಬರಬೇಕಾಯಿತು.

ಎರಡಾಣೆಯ ಲೆಕ್ಕ

ಆ 1928ರಲ್ಲೇ ಮಾಧವ ಪೈ ಅವರು ಒಂದು ಹೊಸ ಹಾದಿ ಹುಡುಕಿದರು. ಗ್ರಾಹಕರು ಬ್ಯಾಂಕಿಗೆ ಬರದಿದ್ದರೆ ಬ್ಯಾಂಕೇ ಗ್ರಾಹಕರ ಬಳಿಗೆ ಹೋಗಲಿ! ತಿಂಗಳಿಗೊಮ್ಮೆ ದೊಡ್ಡ ಮೊತ್ತ ಕೊಡಲಾಗದಿದ್ದರೆ ದಿನಕ್ಕೆ ಎರಡಾಣೆ ಕೊಡಲಿ. ಬ್ಯಾಂಕಿನ ಏಜೆಂಟರು ಪ್ರತಿದಿನ ಮನೆಗೆ, ಅಂಗಡಿಗೆ ತೆರಳಿ ಆ ಎರಡಾಣೆಯನ್ನು ಪಡೆದು ಲೆಕ್ಕ ಬರೆದುಕೊಳ್ಳಬೇಕು. ಠೇವಣಿ ಕುಳ್ಳಾಗಿರುವುದರಿಂದ ಹೆಸರೂ ಅದಕ್ಕೆ ತಕ್ಕಂತೆ ಪಿಗ್ಮಿ.

ಈ ಲೆಕ್ಕದ ಸೊಗಸನ್ನು ಗಮನಿಸಬೇಕು. ರೂಪಾಯಿಗೆ ಹದಿನಾರು ಆಣೆ. ದಿನಕ್ಕೆ ಎರಡಾಣೆಯಂತೆ ಎಂಟು ದಿನಕ್ಕೆ ಒಂದು ರೂಪಾಯಿ. ಮೂವತ್ತು ದಿನದ ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ಒಂದು ದಿನವೂ ತಪ್ಪದಿದ್ದರೆ ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ, ಮೇಲೆ ಬಡ್ಡಿ. ನೇಕಾರನೊಬ್ಬ ಒಂದೇ ದಿನ ನಲವತ್ತೈದು ರೂಪಾಯಿ ಎತ್ತಿಡುವುದು ಕನಸಿನ ಮಾತು. ಎರಡಾಣೆ ಮಾತ್ರ ಕೈಗೆಟಕುವ ಮಾತು. ಹನಿಗೂಡಿದರೆ ಹಳ್ಳ ಎಂಬ ಗಾದೆ ಹೀಗೆ ಬ್ಯಾಂಕಿನ ಲೆಕ್ಕದ ಪುಸ್ತಕಕ್ಕೆ ಇಳಿಯಿತು.

ಯೋಜನೆಯ ಯಶಸ್ಸಿನ ಗುಟ್ಟು ಬಡ್ಡಿಯ ದರದಲ್ಲಿರಲಿಲ್ಲ, ಏಜೆಂಟರ ಕಾಲ್ನಡಿಗೆಯಲ್ಲಿತ್ತು. ಆತ ದಿನವೂ ಅದೇ ಹೊತ್ತಿಗೆ ಬರುವವನು. ಮನೆಯ ಕಷ್ಟಸುಖ ಬಲ್ಲವನು. ಕೈಗೆ ಬಂದ ದುಡ್ಡು ಇತರ ಖರ್ಚಿಗೆ ಸೋರಿಹೋಗುವ ಮುನ್ನವೇ ಎದುರು ನಿಲ್ಲುವವನು. ಅವನು ಪಡೆಯುವ ಸಂಭಾವನೆ ಸಂಗ್ರಹಿಸಿದ ಹಣವನ್ನು ಅವಲಂಬಿಸಿದ್ದರಿಂದ ಒಂದು ಮನೆಯನ್ನೂ ಬಿಟ್ಟುಹೋಗುವಂತಿರಲಿಲ್ಲ. ದಿನನಿತ್ಯದ ಈ ಭೇಟಿಯೇ ಬ್ಯಾಂಕಿಗೆ ದೊರೆತ ದೊಡ್ಡ ಜಾಹೀರಾತು. ಹೀಗೆ ಬೇರೆ ಬ್ಯಾಂಕುಗಳು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಜನ ಈ ಬ್ಯಾಂಕಿನ ಬೆನ್ನೆಲುಬಾದರು.

ನಂಬಿಕೆಯೇ ವಿಮೆ

ಬಡವರ ಹಣವನ್ನು ಪಡೆಯುವುದು ಸುಲಭವಾಗಿರಬಹುದು, ಕಾಯುವುದು ಸುಲಭವಲ್ಲ. 1938ರಲ್ಲಿ ತಿರುವಾಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕ್ ಕುಸಿದುಬಿದ್ದಾಗ ದಕ್ಷಿಣ ಭಾರತದಲ್ಲೆಲ್ಲ ಬ್ಯಾಂಕುಗಳ ಮೇಲಿನ ವಿಶ್ವಾಸ ಅಲುಗಾಡಿತು. ಆ ದಿನಗಳಲ್ಲಿ ಠೇವಣಿಗೆ ಯಾವ ವಿಮೆಯೂ ಇರಲಿಲ್ಲ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಚ್ಚಿದ ಬಳಿಕ, 1962ರಲ್ಲಷ್ಟೇ ದೇಶದಲ್ಲಿ ಠೇವಣಿ ವಿಮೆ ಜಾರಿಗೆ ಬಂದಿತು. ಅಲ್ಲಿಯವರೆಗೆ ಎರಡಾಣೆ ಕೊಟ್ಟವರಿಗೆ ಇದ್ದ ಭದ್ರತೆ ಒಂದೇ, ಅದು ಪಡೆದವರ ಮೇಲಿನ ನಂಬಿಕೆ.

ಆ ನಂಬಿಕೆ ಉಳಿಯಿತು. 1937ರಲ್ಲಿ ಬ್ಯಾಂಕು ಮುಂಬೈನ ಕ್ಲಿಯರಿಂಗ್ ಹೌಸ್ ಸದಸ್ಯತ್ವ ಪಡೆಯಿತು. 1946ರಲ್ಲಿ ಗ್ರಾಮೀಣ ಪ್ರದೇಶಗಳಲ್ಲಿ ಏಕಕಾಲಕ್ಕೆ 29 ಶಾಖೆಗಳನ್ನು ತೆರೆದು ಬೆರಗು ಮೂಡಿಸಿತು. 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ಪಡೆಯಿತು. 1969ರ ಜುಲೈ 19ರಂದು ರಾಷ್ಟ್ರೀಕರಣಗೊಂಡ 14 ದೊಡ್ಡ ಬ್ಯಾಂಕುಗಳಲ್ಲಿ ಅದೂ ಒಂದು. 50 ಕೋಟಿ ರೂಪಾಯಿಗೂ ಹೆಚ್ಚು ಠೇವಣಿ ಹೊಂದಿದ್ದ ಬ್ಯಾಂಕುಗಳನ್ನು ಮಾತ್ರ ಅಂದು ಸರ್ಕಾರ ವಶಕ್ಕೆ ಪಡೆದಿತ್ತು. ಎಂಟು ಸಾವಿರದಿಂದ ಹೊರಟ ಸಂಸ್ಥೆ ನಲವತ್ತನಾಲ್ಕು ವರ್ಷಗಳಲ್ಲಿ ಆ ಸಾಲಿಗೆ ಬಂದು ನಿಂತಿತ್ತು. ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕಾದ ಪ್ರಥಮ ಬ್ಯಾಂಕ್ 1975ರಲ್ಲಿ ಉತ್ತರ ಪ್ರದೇಶದ ಮೊರಾದಾಬಾದ್‌ನಲ್ಲಿ ಆರಂಭವಾದಾಗ ಅದರ ಪ್ರಾಯೋಜಕತ್ವ ವಹಿಸಿದ್ದೂ ಸಿಂಡಿಕೇಟ್ ಬ್ಯಾಂಕೇ.

ಬೋಳು ಗುಡ್ಡದಲ್ಲಿ ಇನ್ನೊಂದು ಸಾಹಸ

ಬ್ಯಾಂಕಿನಲ್ಲಿ ಕಲಿತ ಪಾಠವನ್ನು ಪೈ ಅವರು ಶಿಕ್ಷಣಕ್ಕೂ ತಂದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಸ್ಥಾಪಿಸಿದರು. 1949ರಲ್ಲಿ ಉಡುಪಿಯಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. 1953ರಲ್ಲಿ, ಮುರಕಲ್ಲಿನ ಬೋಳು ಗುಡ್ಡವಾಗಿದ್ದ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ತಲೆಯೆತ್ತಿತು. ವೈದ್ಯಕೀಯ ಕಾಲೇಜು ಎಂದರೆ ಸರ್ಕಾರವೇ ನಡೆಸಬೇಕಾದದ್ದು ಎಂಬ ಭಾವನೆಯಿದ್ದ ಕಾಲದಲ್ಲಿ ವಿದ್ಯಾರ್ಥಿಗಳ ಶುಲ್ಕವನ್ನೇ ನಂಬಿ ಕಾಲೇಜು ಕಟ್ಟುವುದು ದುಸ್ಸಾಹಸವೆಂದೇ ಹಲವರು ಬಗೆದಿದ್ದರು. ಸ್ವಂತ ದೊಡ್ಡ ಆಸ್ಪತ್ರೆಯೂ ಆಗ ಇರಲಿಲ್ಲ. ಮಂಗಳೂರಿನ ಸರ್ಕಾರಿ ವೆನ್‌ಲಾಕ್ ಆಸ್ಪತ್ರೆಯನ್ನು ತರಬೇತಿಗೆ ಬಳಸಿಕೊಂಡು ಆ ಕೊರತೆ ತುಂಬಲಾಯಿತು. ಮಣಿಪಾಲದಲ್ಲಿ ಕಸ್ತೂರಬಾ ಆಸ್ಪತ್ರೆ ತೆರೆದದ್ದು 1961ರಲ್ಲಿ.

ಹಣ ಪಡೆದು ಸೀಟು ನೀಡುವ ಪದ್ಧತಿಗೆ ಈ ಮಾದರಿಯೇ ಬಾಗಿಲು ತೆರೆಯಿತು ಎಂಬ ಟೀಕೆಯನ್ನೂ ಪೈ ಅವರ ಜೀವನಗಾಥೆಯಿಂದ ಬೇರ್ಪಡಿಸಲಾಗದು. ಖಾಸಗಿ ಶಿಕ್ಷಣ ಸಂಸ್ಥೆಗಳ ಹಕ್ಕುಗಳ ಕುರಿತು 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ನೀಡಿದ ಮಹತ್ವದ ತೀರ್ಪು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣವೆಂದೇ ಪ್ರಸಿದ್ಧ. ಎರಡಾಣೆಯವರಿಗೆ ಬ್ಯಾಂಕಿನ ಬಾಗಿಲು ತೆರೆದವರ ಹೆಸರು, ದುಬಾರಿ ಶಿಕ್ಷಣದ ಚರ್ಚೆಯಲ್ಲೂ ಕೇಳಿಬರುವುದು ಕಾಲದ ವೈಚಿತ್ರ್ಯ.

1972ರಲ್ಲಿ ಪೈ ಅವರಿಗೆ ಪದ್ಮಶ್ರೀ ಸಂದಿತು. 1979ರ ಮೇ 29ರಂದು ಅವರು ಕೊನೆಯುಸಿರೆಳೆದರು.

ಹೆಸರು ಹೋಯಿತು, ಪಿಗ್ಮಿ ಉಳಿಯಿತು

ಪಿಗ್ಮಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮನೆಮನೆಗೆ ನಡೆದು ಬ್ಯಾಂಕನ್ನು ಬೆಳೆಸಿದ ಸಂಗ್ರಾಹಕರು ಬ್ಯಾಂಕಿನ ನೌಕರರೋ, ಹೊರಗಿನವರೋ ಎಂಬ ಪ್ರಶ್ನೆ ವರ್ಷಗಟ್ಟಲೆ ಇತ್ಯರ್ಥವಾಗದೆ ಉಳಿದಿತ್ತು. ಅವರೂ ಕಾರ್ಮಿಕ ಕಾನೂನಿನ ವ್ಯಾಪ್ತಿಗೆ ಬರುವ ಕೆಲಸಗಾರರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಮರೆಯಾಯಿತು.

ಪಿಗ್ಮಿ ಮಾತ್ರ ಕರಾವಳಿಯ ಗಡಿ ದಾಟಿ, ಘಟ್ಟ ಹತ್ತಿ, ಭೀಮಾ–ಕೃಷ್ಣಾ ತೀರದ ಊರುಗಳವರೆಗೂ ನಡೆದುಬಂದಿದೆ. ಆಣೆಯ ಜಾಗಕ್ಕೆ ನೋಟು ಬಂದಿದೆ, ಪುಸ್ತಕದ ಜಾಗಕ್ಕೆ ಯಂತ್ರ ಬಂದಿದೆ. ಬ್ಯಾಂಕುಗಳಷ್ಟೇ ಅಲ್ಲದೆ ಪತ್ತಿನ ಸಹಕಾರ ಸಂಘಗಳೂ ಪಿಗ್ಮಿ ಸಂಗ್ರಹಿಸುತ್ತವೆ. ಆದರೆ ಎಚ್ಚರಿಕೆಯೂ ಅಗತ್ಯ. ಬ್ಯಾಂಕುಗಳ ಠೇವಣಿಗೆ 2020ರಿಂದ ಐದು ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯಿದೆ. ಪತ್ತಿನ ಸಹಕಾರ ಸಂಘಗಳಲ್ಲಿ ಇಟ್ಟ ಹಣಕ್ಕೆ ಆ ರಕ್ಷಣೆ ಇಲ್ಲ. ಅಲ್ಲಿ ಇಂದಿಗೂ ನಂಬಿಕೆಯೇ ವಿಮೆ. ಚೀಟಿ ಪಡೆಯುವುದನ್ನು, ಆಗಾಗ ಕಚೇರಿಗೆ ಹೋಗಿ ಲೆಕ್ಕ ತಾಳೆ ನೋಡುವುದನ್ನು ಗ್ರಾಹಕರು ಮರೆಯಬಾರದು.

ಇಂದು ಅಂಗಡಿ ತೆರೆಯಲು ಮಳಿಗೆಯೂ ಬೇಕಿಲ್ಲ. ಅಂತರಜಾಲದಲ್ಲಿ ಒಂದು ಪುಟ ತೆರೆದು, ಶೇಂಗಾ ಚಟ್ನಿಯಿಂದ ಹಿಡಿದು ಸೀರೆಯವರೆಗೆ ಮಾರಲು ಹೊರಡುವ ಯುವಕ ಯುವತಿಯರು ಸಣ್ಣ ಊರುಗಳಲ್ಲೂ ಇದ್ದಾರೆ. ಮೊದಲ ವಾರ ಒಂದು ಬೇಡಿಕೆಯೂ ಬಾರದಿದ್ದಾಗ ಕೈಚೆಲ್ಲುವವರೇ ಹೆಚ್ಚು. ಅಂಥವರು ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಸಂಜೆ ತಮ್ಮ ಓಣಿಯಲ್ಲೇ ಚೀಲ ಹೆಗಲಿಗೇರಿಸಿ ನಡೆದುಬರುವ ಪಿಗ್ಮಿಯವರ ಹಿಂದೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು. ಆ ಹೆಜ್ಜೆಗಳು ಆರಂಭವಾದದ್ದು ಸುಮಾರು ನೂರು ವರ್ಷಗಳ ಹಿಂದೆ, ಉಡುಪಿಯಲ್ಲಿ, ಎರಡಾಣೆಯನ್ನು ಕೀಳಾಗಿ ಕಾಣದ ವೈದ್ಯರೊಬ್ಬರಿಂದ.