ಸವೆತ ತಡೆಯುವ ಅಡಿಟಿವ್ ಹೆಚ್ಚು ಸುರಿದರೆ ಗಾಡಿಗೆ ಒಳ್ಳೆಯದೇ? ಯೂಜೀನ್ ಹೂಡ್ರಿ ಕಥೆ ಓದಿ
1892ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ಎಂಜಿನಿಯರ್ ಯೂಜೀನ್ ಹೂಡ್ರಿಗೆ ಕಾರ್ ರೇಸಿನ ಹುಚ್ಚು. ಒಳ್ಳೆಯ ಪೆಟ್ರೋಲ್ ಹುಡುಕುತ್ತ, ವೇಗವರ್ಧಕ ಬಳಸಿ ಅದನ್ನು ತಯಾರಿಸುವ ವಿಧಾನ ರೂಪಿಸಿದರು. 1930ರಲ್ಲಿ ಅಮೆರಿಕಕ್ಕೆ ಹೋದರು. ಮುಂದೆ ವಾಹನಗಳ ಹೊಗೆ ಜನರ ಶ್ವಾಸಕೋಶ ಕೆಡಿಸೀತೆಂಬ ಚಿಂತೆ ಹತ್ತಿತು. ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ತಯಾರಿಸಿದರು. ಆದರೆ ಆಗಿನ ಪೆಟ್ರೋಲಿನಲ್ಲಿದ್ದ ಸೀಸ ಅದನ್ನು ಹಾಳುಮಾಡುತ್ತಿತ್ತು. ಎಲ್ಲ ಕಾರುಗಳಿಗೂ ಅದು ಬರುವ ಮೊದಲೇ, 1962ರಲ್ಲಿ ಹೂಡ್ರಿ ತೀರಿಕೊಂಡರು.

ಭಾರತದ ಪೆಟ್ರೋಲಿನಿಂದ 2000ದಲ್ಲಿ ಸೀಸ ಹೋಯಿತು. ಎಂಜಿನ್ ಆಯಿಲ್‌ನಲ್ಲಿ ಫಾಸ್ಫರಸ್ ಉಳಿಯಿತು. ಸವೆತ ತಡೆಯುವ ಜಿಂಕ್-ಫಾಸ್ಫರಸ್ ಸಂಯುಕ್ತ ಎಂಜಿನ್‌ಗೆ ಬೇಕು, ನಿಜ. ಆದರೆ ಆಯಿಲ್ ಉರಿದಾಗ ಆ ಫಾಸ್ಫರಸ್ ಕನ್ವರ್ಟರ್ ಒಳಗೆ ಪದರಗಟ್ಟಿ, ಅದರ ಕೆಲಸ ಕುಗ್ಗಿಸುತ್ತದೆ. ಹಾಗಾಗಿ ಧಾರವಾಡದ ಲಕಮನಹಳ್ಳಿಯಲ್ಲಿ ಓಡುವ ಬಿಎಸ್-6 ಗಾಡಿಗೂ ಕಂಪನಿ ಹೇಳಿದ ದರ್ಜೆಯ ಆಯಿಲ್ ಸಾಕು. ಮೇಲೊಂದು ಬಾಟಲಿ ಬೇಡ.