ರಂಗನಾಥನ್‌ರವರೂ ಕೂಡಿ ಕೊಳ್ಳುವ ಪುಸ್ತಕಗಳೂ

ಶಿಯಾಳಿ ರಾಮಾಮೃತ ರಂಗನಾಥನ್‌ರವರ ಹೆಸರನ್ನು ನಮ್ಮ ಕಾಲೇಜಿನ ಪುಸ್ತಕಭಂಡಾರಕ್ಕೆ ದಿನವೂ ಹೋಗಿಬರುವ ಮಿತ್ರರಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆ. ಆಗಸ್ಟ್ 12ರಂದು ಅವರ ಭಾವಚಿತ್ರಕ್ಕೆ ಹಾರ ಹಾಕುವುದುಂಟು. ಹಾರ ಬಾಡಿದ ಮೇಲೆ ಚಿತ್ರದ ಕಡೆ ನೋಡುವವರು ವಿರಳ. ಸರ್ಕಾರಿ ಕಾಲೇಜಿನವರಾದ ನಾವು ಅವರನ್ನು ನಮ್ಮವರೆಂದು ಹೇಳಿಕೊಳ್ಳಲು ಒಂದು ಕಾರಣವಿದೆ. ಗ್ರಂಥಾಲಯಕ್ಕೆ ಬರುವ ಮುನ್ನ ಅವರು ಗಣಿತದ ಅಧ್ಯಾಪಕರು. 1917ರಲ್ಲಿ ಅವರು ಪಾಠ ಹೇಳಲು ಸೇರಿದುದು ಮಂಗಳೂರಿನ ಸರ್ಕಾರಿ ಕಾಲೇಜಿಗೆ.

ಅವರು ಹುಟ್ಟಿದುದು 1892ರಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಆರನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತದಲ್ಲಿ ಎಂ.ಎ. ಮಾಡಿದರು. ಮಾತಿನಲ್ಲಿ ಉಗ್ಗು ಇತ್ತು. ಉಗ್ಗುವವನು ಮೇಷ್ಟರಾಗುವುದೆಂತು ಎಂದು ಕೈಚೆಲ್ಲದೆ ಅದನ್ನು ಗೆದ್ದುಕೊಂಡರು. ಮಂಗಳೂರಿನ ತರುವಾಯ ಕೊಯಮತ್ತೂರು, ಆಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು.

1923ರಲ್ಲಿ ಮದರಾಸು ವಿಶ್ವವಿದ್ಯಾನಿಲಯವು ಗ್ರಂಥಪಾಲಕರ ಹುದ್ದೆಯೊಂದನ್ನು ನಿರ್ಮಿಸಿತು. ಅರ್ಜಿ ಹಾಕಿದವರು ಸುಮಾರು 900 ಮಂದಿ. ಅವರಲ್ಲಿ ಒಬ್ಬರಿಗಾದರೂ ಗ್ರಂಥಾಲಯದ ಶಿಕ್ಷಣವಾಗಿರಲಿಲ್ಲ. ರಂಗನಾಥನ್‌ರವರ ಬಂಡವಾಳವೂ ಅಷ್ಟೇ. ಸಂದರ್ಶನಕ್ಕೆ ಕೆಲವು ದಿನ ಮುಂಚೆ ವಿಶ್ವಕೋಶದಲ್ಲಿ ಗ್ರಂಥಾಲಯವೆಂಬ ಲೇಖನವನ್ನು ಓದಿಕೊಂಡು ಹೋದರಂತೆ. 1924ರ ಜನವರಿಯಲ್ಲಿ ಕೆಲಸಕ್ಕೇನೋ ಸೇರಿದರು. ಸೇರಿದ ಕೆಲವೇ ವಾರಗಳಲ್ಲಿ ಬೇಸರ ಹಿಡಿಯಿತು. ತರಗತಿಯ ಗಲಗಲದಲ್ಲಿ ಬದುಕಿದವರಿಗೆ ಓದುಗರಿಲ್ಲದ ಆ ಕಟ್ಟಡದ ಮೌನವು ಏಕಾಂತ ಸೆರೆಯಂತೆ ಕಂಡಿತು. ನನ್ನನ್ನು ಹಿಂದಿನ ಕೆಲಸಕ್ಕೇ ಕಳುಹಿಸಿರೆಂದು ಅಧಿಕಾರಿಗಳಲ್ಲಿ ಕೇಳಿಕೊಂಡರು. ಮೊದಲು ಲಂಡನ್ನಿಗೆ ಹೋಗಿ ಈ ವಿದ್ಯೆಯನ್ನು ಕಲಿತು ಬನ್ನಿ, ಅನಂತರವೂ ಮನಸ್ಸು ನಿಲ್ಲದಿದ್ದರೆ ಗಣಿತಕ್ಕೆ ಹಿಂದಿರುಗಬಹುದು ಎಂದು ಒಪ್ಪಂದವಾಯಿತು. ಅವರು ಹಿಂದಿರುಗಲಿಲ್ಲ.

ಲಂಡನ್ನಿನಲ್ಲಿ ಅವರು ತರಗತಿಯಲ್ಲಿ ಕುಳಿತುದಕ್ಕಿಂತ ಗ್ರಂಥಾಲಯಗಳನ್ನು ಸುತ್ತಿದುದೇ ಹೆಚ್ಚೆನ್ನಬೇಕು. ನೂರಕ್ಕೂ ಮಿಕ್ಕು ನೋಡಿದರು. ಅಲ್ಲಿ ಬಡಾವಣೆಯ ಕೂಲಿಕಾರನೂ ಮಕ್ಕಳೂ ನಿಸ್ಸಂಕೋಚವಾಗಿ ಪುಸ್ತಕ ಪಡೆಯುವುದನ್ನು ಕಂಡರು. ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೊ ಎಂಬ ಆಟದ ಸಾಮಾನನ್ನು ತೋರಿಸುತ್ತಿದ್ದರು. ಅವೇ ತಗಡಿನ ಪಟ್ಟಿಗಳು, ಅವೇ ತಿರುಪುಗಳು. ಜೋಡಿಸುವ ರೀತಿ ಬೇರೆಯಾದರೆ ಆಟಿಕೆಯೂ ಬೇರೆ. ವಿಷಯಗಳನ್ನೂ ಹೀಗೆಯೇ ತುಂಡುಗಳಿಂದ ಜೋಡಿಸಬಾರದೇಕೆ ಎಂಬುದು ಗಣಿತಜ್ಞನ ತಲೆಗೆ ಹೊಳೆಯಿತು. 1933ರಲ್ಲಿ ಅಚ್ಚಾದ ಕೋಲನ್ ವರ್ಗೀಕರಣವು ಆ ಆಟಿಕೆಯ ಫಲ.

1925ರಲ್ಲಿ ಬಂದವರು ಸುಮಾರು ಇಪ್ಪತ್ತು ವರ್ಷ ಮದರಾಸಿನಲ್ಲಿ ದುಡಿದರು. ದಿನಕ್ಕೆ ಹದಿಮೂರು ಗಂಟೆ, ವಾರಕ್ಕೆ ಏಳು ದಿನ. ಮುಚ್ಚಿದ ಕಪಾಟುಗಳನ್ನು ತೆರೆಯಿಸಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವನ್ನು ಕಟ್ಟಿದರು; ಆ ಚಳವಳಿಯ ಕಾಲದಲ್ಲೇ, 1931ರಲ್ಲಿ, ಮನ್ನಾರ್‌ಗುಡಿಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೋಯಿತು. ಅದೇ ವರ್ಷ ಅವರ ಪಂಚಸೂತ್ರಗಳ ಗ್ರಂಥ ಹೊರಬಂತು. ಪುಸ್ತಕವಿರುವುದು ಬಳಕೆಗೆ, ಕಾಪಿಡುವುದಕ್ಕಲ್ಲ. ಓದುಗನೊಬ್ಬನೂ ತನಗೆ ಬೇಕಾದುದು ಸಿಕ್ಕದೆ ಹೋಗಬಾರದು. ಪುಸ್ತಕವೊಂದೂ ಓದುಗನಿಲ್ಲದೆ ಕೂರಬಾರದು. ಓದುಗನ ಹೊತ್ತು ಹಾಳಾಗಕೂಡದು. ಗ್ರಂಥಾಲಯವು ಬೆಳೆಯುತ್ತಲೇ ಇರುವ ಜೀವ. ಇವುಗಳ ತಾತ್ಪರ್ಯವಿಷ್ಟೆ. ಇಷ್ಟು ಸರಳವಾದುದನ್ನು ಹೇಳಲು ಒಬ್ಬ ಪಂಡಿತ ಬೇಕಿತ್ತೇ ಎಂದು ಯಾರಾದರೂ ನಕ್ಕರೆ, ಬೀಗ ಹಾಕಿದ ಬೀರುವಿನ ಮುಂದೆ ಒಮ್ಮೆ ನಿಂತು ಬರಲಿ.

ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ 1945ರಿಂದ 1947ರವರೆಗೆ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೊಬ್ಬರೇ ವರ್ಗೀಕರಿಸಿದರು. ಅನಂತರ ದೆಹಲಿ, ಜ್ಯೂರಿಕ್, ಉಜ್ಜಯಿನಿ. 1956ರಲ್ಲಿ ತಮ್ಮ ಉಳಿತಾಯದ ಒಂದು ಲಕ್ಷ ರೂಪಾಯಿಗಳನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟು ಪತ್ನಿ ಶಾರದಾರವರ ಹೆಸರನ್ನೂ ಸೇರಿಸಿ ಗ್ರಂಥಾಲಯ ವಿಜ್ಞಾನದ ಪೀಠವೊಂದನ್ನು ಏರ್ಪಡಿಸಿದರು. ಕಡೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿದರು. 1972ರ ಸೆಪ್ಟೆಂಬರ್ 27ರಂದು ಅಲ್ಲಿಯೇ ತೀರಿಕೊಂಡರು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಹಿಂದೆ ಅವರ ಶ್ರಮವಿದೆ. ಮನೆಕಂದಾಯದೊಡನೆ ಕೆಲವು ಪೈಸೆಗಳ ಗ್ರಂಥಾಲಯ ಕರವನ್ನು ಎಲ್ಲರೂ ಕೊಡುವುದು, ಎಲ್ಲರೂ ಓದುವುದು. ಕೂಡಿ ಕೊಳ್ಳುವುದೆಂದರೆ ಇದೇ ಅಲ್ಲವೆ?

ಇಲ್ಲಿಂದ ನಾನು ಇಂದಿನ ಮಾತಿಗೆ ಬರುತ್ತೇನೆ. ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆ ಹೋಬಳಿಯ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಎಂಬ ಪದ್ಧತಿಯುಂಟು. ಈ ದಿನ ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಗ್ರಂಥಾಲಯಗಳು ಒಂದಕ್ಕೊಂದು ಪುಸ್ತಕವನ್ನು ಎರವಲು ಕೊಡುವುದೂ ಹೀಗೆಯೇ. ರಂಗನಾಥನ್‌ರವರು ಸೂಚಿಗೆ ಒಂದೇ ನಿಯಮವಿರಬೇಕೆಂದು ಹಟ ಹಿಡಿದುದರ ಅರ್ಥ ನನಗೆ ಹೊಳೆದುದು ಇಲ್ಲಿ: ಯಾರಲ್ಲಿ ಏನಿದೆಯೆಂದು ತಿಳಿಯದೆ ಎರವಲೂ ಇಲ್ಲ, ಪಾಲುಗಾರಿಕೆಯೂ ಇಲ್ಲ.

ಇ-ಪುಸ್ತಕ ಬಂದಮೇಲೆ ಮುಯ್ಯಾಳಿನ ಲೆಕ್ಕ ಕೆಟ್ಟಿತು. ಕಾಗದದ ಪುಸ್ತಕವನ್ನು ಕೊಂಡವನೇ ಒಡೆಯ. ಇ-ಪುಸ್ತಕದಲ್ಲಿ ನಾವು ಕೊಳ್ಳುವುದು ಸಾಮಾನ್ಯವಾಗಿ ಓದುವ ಅನುಮತಿಯನ್ನು ಮಾತ್ರ. ಪಕ್ಕದ ಕಾಲೇಜಿಗೆ ಕೊಡಲು ಕರಾರು ಬಿಡದು. ಕೆಲವನ್ನು ಒಂದು ಹೊತ್ತಿಗೆ ಒಬ್ಬನೇ ಓದಬೇಕು. ವರ್ಷದ ಹಣ ಕಟ್ಟದಿದ್ದರೆ ಕಪಾಟೇ ಮಾಯ. ಇಂತಹ ವ್ಯಾಪಾರಿಯ ಎದುರು ಸಣ್ಣ ಕಾಲೇಜೊಂದು ಒಂಟಿಯಾಗಿ ನಿಂತರೆ ಚೌಕಾಸಿ ಎಲ್ಲಿಂದ ಬರಬೇಕು? ಆದುದರಿಂದಲೇ ಕೂಟಗಳು ಹುಟ್ಟಿದವು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಎಂಜಿನಿಯರಿಂಗ್ ಕಾಲೇಜುಗಳನ್ನು ಒಗ್ಗೂಡಿಸಿ ಇ-ಗ್ರಂಥಗಳನ್ನು ಕೊಳ್ಳುವ ಕೂಟವನ್ನು ಕಟ್ಟಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ ಎನ್-ಲಿಸ್ಟ್ ಯೋಜನೆಯು 2010ರಲ್ಲಿ ಆರಂಭವಾಗಿ, ವರ್ಷಕ್ಕೆ 6,000 ರೂಪಾಯಿಗೂ ಕಡಿಮೆ ವಂತಿಗೆಗೆ ಲಕ್ಷಕ್ಕೂ ಹೆಚ್ಚು ಇ-ಪುಸ್ತಕಗಳನ್ನು ನಮ್ಮಂತಹ ಕಾಲೇಜುಗಳಿಗೆ ತೆರೆಯಿತು. ಆ ಹಣಕ್ಕೆ ಕಾಗದದ ಪುಸ್ತಕವಾದರೆ ಒಂದು ಹಲಗೆಯೂ ತುಂಬುವುದಿಲ್ಲ.

ಆದರೂ ನನ್ನದೊಂದು ತಕರಾರಿದೆ. ಪ್ರಕಾಶಕರು ಮಾರುವುದು ಬಿಡಿಯಾಗಿ ಅಲ್ಲ, ಮೂಟೆಯಾಗಿ. ಮೂಟೆಯಲ್ಲಿ ಯಾರೂ ತೆರೆಯದ ಪುಸ್ತಕಗಳು ಹೇರಳ. ಮೂರನೆಯ ಸೂತ್ರವನ್ನು ಬರೆದವರು ಇದನ್ನು ಕಂಡಿದ್ದರೆ ಸುಮ್ಮನಿರುತ್ತಿರಲಿಲ್ಲ. ಇದಕ್ಕಿಂತ ಮೇಲಾದ ಕ್ರಮವೊಂದು ಈಗ ಬಳಕೆಗೆ ಬಂದಿದೆ. ಒಂದು ವರ್ಷ ಎಲ್ಲವನ್ನೂ ತೆರೆದಿಟ್ಟು, ಓದುಗರು ಹೆಚ್ಚು ತೆರೆದು ನೋಡಿದವುಗಳನ್ನು ಮಾತ್ರ ಕಡೆಯಲ್ಲಿ ಶಾಶ್ವತವಾಗಿ ಕೊಳ್ಳುವುದು. ಕೂಟದವರು ಕರಾರಿಗೆ ರುಜು ಹಾಕುವ ಮುನ್ನ ಈ ಶಾಶ್ವತವೆಂಬ ಮಾತಿಗೆ ಗಟ್ಟಿಯಾಗಿ ಅಂಟಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಒಂದು ರಾಷ್ಟ್ರ ಒಂದು ಚಂದಾ ಎಂಬ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಗಳನ್ನು ಒಪ್ಪಿತು. ಸರ್ಕಾರಿ ಸಂಸ್ಥೆಗಳು 6,300. ಇಷ್ಟು ದೊಡ್ಡ ಕೂಟವನ್ನು ರಂಗನಾಥನ್‌ರವರೂ ಕಂಡವರಲ್ಲ. ಆದರೆ ಅಲ್ಲಿ ಬರುವುದು ಸಂಶೋಧನಾ ಪತ್ರಿಕೆಗಳು, ಬಹುತೇಕ ಇಂಗ್ಲಿಷಿನವು. ಕನ್ನಡ ಮಾಧ್ಯಮದ ಬಿ.ಎ. ವಿದ್ಯಾರ್ಥಿ ಕೇಳುವುದು ಇತಿಹಾಸ, ಅರ್ಥಶಾಸ್ತ್ರಗಳ ಕನ್ನಡ ಪುಸ್ತಕವನ್ನು. ರಾಜ್ಯದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಾನೂರಕ್ಕೂ ಮೇಲೆ. ಇವೆಲ್ಲ ಸೇರಿ ಕನ್ನಡ ಪ್ರಕಾಶಕರೊಡನೆ ಒಂದು ಕರಾರು ಮಾಡಿಕೊಂಡರೆ ಪ್ರಕಾಶಕನಿಗೂ ನಷ್ಟವಿಲ್ಲ. ಅಲ್ಲಿಯವರೆಗೆ ಸಂಜೆಯ ಬಸ್ಸಿನಲ್ಲಿ ಶೀಳನೆರೆಗೆ ಇಳಿದವನು ಮೊಬೈಲಿನಲ್ಲಿ ಲಂಡನ್ನಿನ ಪತ್ರಿಕೆಯನ್ನು ತೆರೆಯಬಲ್ಲ. ನಾಳಿನ ಪರೀಕ್ಷೆಗೆ ಬೇಕಾದ ಕನ್ನಡ ಪುಸ್ತಕದ ಒಂದೇ ಪ್ರತಿ ಮಾತ್ರ ಇನ್ನೊಬ್ಬನ ಮನೆಯಲ್ಲಿರುತ್ತದೆ, ಶನಿವಾರದವರೆಗೆ.